ಅತ್ತೆಯವರ ಖಾಲಿ ಹೊಟ್ಟೆ

ಸೀಮೆಎಣ್ಣೆ ಸ್ಟವ್‌ನ ಬತ್ತಿಗಳನ್ನು ಕತ್ತರಿಸಿ ಸಮ ಮಾಡುತ್ತಿದ್ದೆ. ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದ ಹುಡುಗಿ ಓಡಿಬಂದು, "ಆಂಟೀ, ನಿಮ್ಮತ್ತೆ ದೇವಸ್ಥಾನದಲ್ಲಿ ತಲೆ ಸುತ್ತಿ ಕುಸಿದ್ಬಿಟ್ರು!" ಅಂದಳು. ನಾನು ಹೋಗುವಷ್ಟರಲ್ಲಿ ಅರ್ಚಕರು ಸಕ್ಕರೆ ನೀರು ಕುಡಿಸಿ ಕೂರಿಸಿದ್ದರು. ಕಂಬಕ್ಕೆ ಒರಗಿಕೊಂಡೇ ಕುಸಿದಿದ್ದರಿಂದ ಮೂಳೆಗೆ ಏಟಾಗಿರಲಿಲ್ಲ. ದೇವರು ದೊಡ್ಡವನು.

ಆಟೋದಲ್ಲಿ ಬಸವೇಶ್ವರನಗರದ ನಮ್ಮ ಡಾಕ್ಟರ ಹತ್ತಿರ ಕರೆದೊಯ್ದೆ. ಅತ್ತೆಗೆ ಸಕ್ಕರೆ ಕಾಯಿಲೆ. ಹಿಂದಿನ ವಾರ ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಏರಿದೆಯೆಂದು ಈ ಡಾಕ್ಟರೇ ಮಾತ್ರೆ ಹೆಚ್ಚಿಸಿದ್ದರು. ಈಗ ಆ ಮಾತ್ರೆಯೇ ಅತಿಯಾಗಿ ಸಕ್ಕರೆ ಇಳಿದಿರಬೇಕು ಅಂದರು. ಹೀಗೇ ಬಿಟ್ಟರೆ ಇನ್ನೊಮ್ಮೆ ಎಲ್ಲಿ ಬೀಳುತ್ತಾರೋ ಎಂದೆ ನಾನು.

ಯಾವಾಗಲೂ ಚೀಟಿ ಬರೆಯುತ್ತಲೇ ಪ್ರಶ್ನೆ ಕೇಳುವ ಡಾಕ್ಟರು ಅವತ್ತು ಪೆನ್ನು ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

"ಅಮ್ಮ, ಟೆಸ್ಟ್ ದಿವಸ ಎದ್ದಾಗಿಂದ ಏನೇನ್ ಮಾಡಿದ್ರಿ? ನಿಧಾನವಾಗಿ ಹೇಳಿ."

"ಸ್ನಾನ ಮಾಡ್ದೆ, ದೇವ್ರಿಗೆ ಅಭಿಷೇಕ ಮಾಡ್ದೆ, ಪಂಚಾಮೃತ ತಗೊಂಡೆ, ಇಲ್ಲಿಗೆ ಬಂದೆ."

"ಪಂಚಾಮೃತಾನಾ? ಎಷ್ಟು?"

"ಒಂದು ಬಟ್ಲು. ಬಾಳೆಹಣ್ಣು, ಜೇನು, ಸಕ್ಕರೆ ಎಲ್ಲಾ ಬಿದ್ದಿರುತ್ತೆ. ಪ್ರಸಾದ ಚೆಲ್ಲಕ್ಕಾಗುತ್ತಾ?"

"ಅಯ್ಯೋ, ಏನೂ ತಿಂದಿಲ್ವಾ ಅಂದ್ರೆ ಇಲ್ಲ ಅಂದ್ರಲ್ಲಮ್ಮಾ!"

"ಪ್ರಸಾದಾನ ಯಾರಾದ್ರೂ ತಿಂಡಿ ಅಂತಾರೇನ್ರೀ? ನೀವು ತಲೆ ಎತ್ತದೆ ಕೇಳಿದ್ರಿ, ನಾನು ಇಲ್ಲ ಅಂದೆ. ಇವಳು ಕೇಳಿದ್ರೂ ಅಷ್ಟೇ ಹೇಳ್ತಿದ್ದೆ!"

ಡಾಕ್ಟರು ನಗಲಿಲ್ಲ. "ತಪ್ಪು ನಂದೇ" ಎಂದು ಹಳೆಯ ಮಾತ್ರೆಯನ್ನೇ ಬರೆದು, ಮತ್ತೆ ಪರೀಕ್ಷೆಗೆ ಬರಹೇಳಿದರು.

ನನಗೋ ಬೆರಗು. ಅದೇ ಡಾಕ್ಟರು, ಅದೇ ಅತ್ತೆ. ಕೇಳಿದ ರೀತಿ ಬದಲಾದದ್ದೇ ತಡ, ಉತ್ತರವೇ ಬೇರೆ. ಔಷಧಿ ಕಟ್ಟಿಕೊಡುವವರೆಗೆ ಬಾಗಿಲ ಬಳಿ ನಿಂತು ಕಿವಿಗೊಟ್ಟೆ. ಒಳಗೆ ಪರೀಕ್ಷೆಗೆ ರಕ್ತ ಕೊಡಲು ಬಂದಿದ್ದ ಹಿರಿಯರೊಬ್ಬರಿಗೂ ಡಾಕ್ಟರು ಹಾಗೆಯೇ ಕೇಳಿದರು: "ಬೆಳಿಗ್ಗೆಯಿಂದ ಬಾಯಿಗೆ ಏನೇನ್ ಹಾಕ್ಕೊಂಡ್ರಿ?"

"ಏನೂ ಇಲ್ಲ ಸಾರ್. ಬರೀ ಕಾಫಿ."

"ಎದ್ದೇಳಿ. ನಾಳೆ ಬನ್ನಿ."

ಮುಂದಿನ ಪರೀಕ್ಷೆಯ ದಿನ ಅತ್ತೆ ಪಂಚಾಮೃತದ ಬಟ್ಟಲನ್ನು ದೇವರ ಮುಂದೆಯೇ ಮುಚ್ಚಿಟ್ಟು, "ಬಂದು ತಗೋತೀನಿ, ಸ್ವಾಮಿ ಕಾಯ್ತಾನೆ" ಎಂದು ಹೊರಟರು. ಹಳೆಯ ಮಾತ್ರೆಯೇ ಸಾಕು, ಗಾಬರಿ ಬೇಡ ಎಂದರು ಡಾಕ್ಟರು. ಮನೆಗೆ ಬಂದಾಗ ನಲ್ಲಿಯಲ್ಲಿ ನೀರು ಬಿಟ್ಟಿದ್ದರು. ಸೆರಗು ಸಿಕ್ಕಿಸಿಕೊಂಡು ಕೊಡ ಹಿಡಿದೆ.