ಹೈಮಾದಾಚೆಯ ಚರ್ಮದಂಗಡಿಯ ಅತ್ತೆ

ಅತ್ತೆಯ ಅಂಗೈಗಳು ಉಪ್ಪು ಕಚ್ಚಿ ಬಿರಿದಿದ್ದವು. ಊಟವಾದ ಮೇಲೆ ಆ ಬಿರುಕುಗಳಿಗೆ ತೆಂಗಿನೆಣ್ಣೆ ಸವರುತ್ತಾ ಕೂತರೆ ಅದೇ ಅವರ ವಿಶ್ರಾಂತಿ.

ನನ್ನ ಸೋದರಮಾವ ಒಮಾನಿನ ಹೈಮಾ ಊರು ದಾಟಿ, ಮರುಭೂಮಿಯ ಅಂಚಿನಲ್ಲಿ, ಅಲೆಮಾರಿ ಬದೂ ಜನರಿಂದ ಆಡು, ಒಂಟೆಗಳ ಚರ್ಮ ಕೊಂಡು ಉಪ್ಪು ಹಾಕಿ ಮಸ್ಕತ್ತಿಗೆ ಕಳಿಸುತ್ತಿದ್ದರು. ಮುಂದೆ ಅಂಗಡಿ, ಹಿಂದೆ ಮನೆ, ನೀರು ಟ್ಯಾಂಕರಿನದು. ಅತ್ತೆ ಪಾತ್ರೆ ತೊಳೆದ ನೀರಿನಲ್ಲೇ ಬಸಳೆ ಬೆಳೆಸಿದರು. ಅಂಗಡಿಯ ತಕ್ಕಡಿಯ ಮುಂದೆ ಕೂರಿಸಿ ಇಬ್ಬರು ಮಕ್ಕಳಿಗೆ ಲೆಕ್ಕ ಕಲಿಸಿದರು. ಮಸ್ಕತ್ತಿನ ಅಲ್ ಗುಬ್ರಾದಲ್ಲಿದ್ದ ನಮ್ಮ ಫ್ಲ್ಯಾಟಿಗೆ ಬಂದವರು ಮಾವನ ಬಗ್ಗೆ ಕೇಳಿದರೆ ಅಪ್ಪ "ಎಕ್ಸ್‌ಪೋರ್ಟ್ ಬಿಸಿನೆಸ್" ಎನ್ನುತ್ತಿದ್ದರು. ಅತ್ತೆ ಇದ್ದರೆ ತಿದ್ದುತ್ತಿದ್ದರು: "ಚರ್ಮದ ವ್ಯಾಪಾರ. ವಾಸನೆ ಉಂಟು, ಮೋಸ ಇಲ್ಲ."

ಅಂಗಡಿಗೆ ಹಿಂಬಾಗಿಲು ಇಡಿಸಿದ್ದೂ ಅವರೇ. ಅಲ್ಲಿ ಆಡು ಸಾಕುವವರು ಹೆಂಗಸರು. ಗಂಡಸರೆದುರು ಬೆಲೆ ಮಾತಾಡಲು ಅವರಿಗೆ ಸಂಕೋಚ. ಹಿಂಬಾಗಿಲಲ್ಲಿ ಅತ್ತೆಯ ಮುರುಕು ಅರಬ್ಬಿಯಲ್ಲಿ ವ್ಯಾಪಾರವೂ ಆಗುತ್ತಿತ್ತು, ಸೊಸೆಯಂದಿರ ಮೇಲಿನ ದೂರೂ ಮುಗಿಯುತ್ತಿತ್ತು.

ನಾನು ರಜೆಗೆ ಹೋಗಿದ್ದ ಒಂದು ಬಕ್ರೀದಿನ ಮುನ್ನಾದಿನ ಮಾವ ಲಾರಿಯಿಂದ ಬಿದ್ದು ಕಾಲು ಮುರಿದುಕೊಂಡರು. ಮಗನ ಜೊತೆ ಅವರನ್ನು ನಿಜ್ವಾದ ಆಸ್ಪತ್ರೆಗೆ ಕಳಿಸಿದ್ದಾಯಿತು. ಕಫೀಲ್, ಅಂದರೆ ಯಾರ ಹೆಸರಿನಲ್ಲಿ ಅಂಗಡಿಯ ಪರವಾನಗಿ ಇತ್ತೋ ಆ ಒಮಾನಿ, ಫೋನು ಮಾಡಿ, "ಈ ಸಲ ಬಾಗಿಲು ಹಾಕಿ, ಬೇರೆಯವರನ್ನು ನೋಡುತ್ತೇನೆ" ಎಂದ. ವರ್ಷದ ಹೆಚ್ಚಿನ ಚರ್ಮ ಬರುವುದೇ ಕುರ್ಬಾನಿಯ ಆ ದಿನ; ಬಕ್ರೀದು ತಪ್ಪಿದರೆ ಅಂಗಡಿಯೇ ತಪ್ಪಿದಂತೆ.

"ಜನ ಚರ್ಮ ಹೊತ್ತುಕೊಂಡು ಎಲ್ಲಿಗೆ ಹೋಗುದು? ನಾನಿದ್ದೇನೆ" ಎಂದು ಅತ್ತೆ ಹಿಂದಿಯಲ್ಲಿ ಹೇಳಿ ಫೋನಿಟ್ಟರು.

ಹಬ್ಬದ ದಿನ ಪಿಕಪ್‌ಗಳು ಬಂದವು. ಹಸಿ ಚರ್ಮಕ್ಕೆ ಬೇಗ ಉಪ್ಪು ಬೀಳದಿದ್ದರೆ ಕೆಡುತ್ತದೆ. "ತೋಳು ಮಡಚು ಮಾರಾಯ್ತಿ. ಅಂಚಿಗೆ ಸರಿಯಾಗಿ ಹಾಕು, ಹಾಳಾಗ್ಲಿಕ್ಕೆ ಶುರುವಾಗುದೇ ಅಲ್ಲಿಂದ" ಎಂದರು ಅತ್ತೆ ನನಗೆ. ಮಧ್ಯಾಹ್ನದ ಹೊತ್ತಿಗೆ ರಾಶಿ ನಮ್ಮ ಕೈಮೀರಿತ್ತು. ಚರ್ಮ ಮಾರಿ ಹೊರಟಿದ್ದ ಹೆಂಗಸರು ಅದನ್ನು ನೋಡಿ ಹಿಂದಿರುಗಿದರು. ಹಬ್ಬದ ಬಟ್ಟೆಯಲ್ಲೇ ಕೂತು ಉಪ್ಪು ತಿಕ್ಕತೊಡಗಿದರು. ಒಬ್ಬ ಮುದುಕಿ, "ಮುರಿದದ್ದು ನಿನ್ನ ಗಂಡನ ಕಾಲು, ನಿನ್ನ ನಾಲಗೆಯಲ್ಲವಲ್ಲ. ಕರೆಯಬಾರದಿತ್ತೇ?" ಎಂದು ಗದರಿದಳು. ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಲಾರಿ ತುಂಬುವ ದಿನ ಕಫೀಲ್ ತಾನೇ ಬಂದು ಚರ್ಮಗಳನ್ನು ಮಗುಚಿ ಮಗುಚಿ ನೋಡಿದ. ಒಂದೂ ಕೆಟ್ಟಿರಲಿಲ್ಲ. ಊರುಗೋಲಿನಲ್ಲಿ ನಿಂತಿದ್ದ ಮಾವನಿಗೆ, "ಅಂಗಡಿ ನಿನ್ನದಲ್ಲಪ್ಪ, ಇವರದು" ಎಂದ. "ಚಹಾ ಕುಡಿದು ಹೋಗಿ" ಎಂದರು ಅತ್ತೆ, ಅಷ್ಟೇ. ನಾನಂತೂ ಎದೆಯುಬ್ಬಿಸಿ ನಿಂತಿದ್ದೆ.

ಕೆಲವು ವರ್ಷಗಳ ಮೇಲೆ ಒಳನಾಡಿನ ಸಣ್ಣ ಆಸ್ಪತ್ರೆಯೊಂದರಲ್ಲಿ ನನಗೆ ಲ್ಯಾಬ್ ಕೆಲಸ ಸಿಕ್ಕಿತು. ಹುಡುಗಿ ಒಬ್ಬಳೇ ಅಷ್ಟು ದೂರ ಬೇಡವೆಂದು ಅಪ್ಪ ಹಟ ಹಿಡಿದರು. ಅತ್ತೆ ಹೇಳಿದರು: "ಭಾವ, ಅಂಥ ಜಾಗದಲ್ಲಿ ನಾನು ಸಂಸಾರ ಮಾಡಿದ್ದೇನೆ. ಇವಳಿಗೆ ಕೆಲಸ ಮಾಡ್ಲಿಕ್ಕಾಗುದಿಲ್ವಾ?" ಅಪ್ಪ ಕಪಾಟಿನ ಮೇಲಿಂದ ನನ್ನ ಪೆಟ್ಟಿಗೆ ಇಳಿಸಿಕೊಟ್ಟರು. ಅತ್ತೆ ನನ್ನ ಜೊತೆಗೇ ಬಂದರು. ಪೆಟ್ಟಿಗೆ ಬಿಚ್ಚುವ ಮೊದಲೇ ಪಕ್ಕದ ಒಮಾನಿ ಮನೆಯ ಬಾಗಿಲು ತಟ್ಟಿ, ಆ ಮನೆಯಾಕೆಯ ಜೊತೆ ಸಂಜೆಯವರೆಗೂ ಕೂತು, ನನ್ನನ್ನು ಒಪ್ಪಿಸಿ ಹೋದರು.

ಊರಿಗೆ ಹೋಗಿದ್ದ ಅತ್ತೆ ಮರುವರ್ಷ ಮಂಗಳೂರಿನಲ್ಲಿ ತೀರಿಕೊಂಡರು. ನನಗೆ ಹೋಗಲಾಗಲಿಲ್ಲ. ಪಕ್ಕದ ಮನೆಯಾಕೆ ಊಟ ಹಿಡಿದು ಬಂದು, ನನ್ನ ತಲೆ ನೇವರಿಸಿ, "ನಿನ್ನ ತಾಯಿ ಹೋದರಂತೆ" ಎಂದಳು.

ನಾನು ಹೌದೆಂದೆ.