ಇಲಿಬಿಲದ ತೆನೆ

ನಾನು ಆಗ ಚಿಕ್ಕವಳು, ಅಕ್ಕನಿಗಿಂತ ಒಂದು ಗೇಣು ಗಿಡ್ಡ. ಬಬಲೇಶ್ವರದ ಹತ್ತಿರ ನಮ್ಮ ಎರೆಹೊಲದಲ್ಲಿ ಬಿಳಿಜೋಳದ ರಾಶಿ ಮುಗಿದಿತ್ತು. ರಾಶಿ ಮುಗಿದ ಮೇಲೆ ಮನೆಯ ಹುಡುಗಿಯರಿಗೆ ಒಂದು ಹಕ್ಕಿತ್ತು. ಹೊಲದ ಇಲಿಗಳು ಬಿಲದಲ್ಲಿ ಕೂಡಿಟ್ಟ ತೆನೆಗಳನ್ನು ಅಗೆದು ತೆಗೆದರೆ ಅವು ನಮ್ಮವೇ. ಆ ಜೋಳ ಕೊಟ್ಟು ತಿಕೋಟಾ ಸಂತೆಯಲ್ಲಿ ಹಸಿರು ಬಳೆ ಇಡಿಸಿಕೊಳ್ಳಬೇಕೆಂದು ಅಕ್ಕನಿಗೆ ಆಸೆ.

ಅವಳು ಬದುವಿನ ಪಕ್ಕ ಕುರ್ಪಿಯಿಂದ ಒಂದು ಬಿಲ ಅಗೆದಳು. ತಂಪು ಮಣ್ಣಿನೊಳಗಿಂದ ಹೊಸ ಜೋಳದ ಸಿಹಿ ವಾಸನೆ ಬಂತು. ತೆನೆಗಳನ್ನು ಯಾರೋ ಕೈಯಿಂದ ಒಟ್ಟಿಟ್ಟ ಹಾಗಿತ್ತು. ಅಕ್ಕ ಉಡಿ ತುಂಬಿಕೊಂಡಳು. ಆಮೇಲೆ ಬಿಲದ ಇನ್ನೊಂದು ಬಾಯಿಯ ಹತ್ತಿರ ನಾನು ನೋಡಿದೆ. ಇಲಿಗಳು ಸತ್ತು ಬಿದ್ದಿದ್ದವು. ಗಾಯವಿಲ್ಲ, ರಕ್ತವಿಲ್ಲ. ಹೆದರಿ ಕೂಗಿದೆ.

ಅಪ್ಪನೂ ಅಪ್ಪನ ತಾಯಿ ಆಯಿಯೂ ಓಡಿ ಬಂದರು.

"ಹಾವು ಕಡದಿರಬೇಕು ಬಿಡಬೇ," ಎಂದ ಅಪ್ಪ.

"ಕಡದ ಇಲಿನ್ನ ಹಾವು ಬಿಟ್ಟು ಹೋಗತೈತೇನೋ? ನಿನ್ನ ಊಟಕ್ಕ ಇಟ್ಟು ಹೋಗೇತೇನು?" ಎಂದಳು ಆಯಿ. "ಏ ಹುಡುಗಿ, ಉಡಿ ಝಾಡಸು! ದೂರ ಸರೀರಿ ಎಲ್ಲಾರೂ!"

ಆಯಿ ಚಿಕ್ಕಂದಿನಲ್ಲಿ ಪಿಲೇಗು ಕಂಡವಳು. ಮೊದಲು ಇಲಿಗಳು ಸತ್ತು ಬೀಳುತ್ತವೆ, ಆಮೇಲೆ ಮನುಷ್ಯರಿಗೆ ಜ್ವರ ಬಂದು ಕಂಕುಳಲ್ಲಿ ಗಡ್ಡೆ ಏಳುತ್ತದೆ ಎಂದು ಬಲ್ಲವಳು. ಕಣ್ಣಿಗೆ ಕಾಣದ ರೋಗಾಣು, ಸತ್ತ ಇಲಿಯ ಮೈಬಿಟ್ಟು ನಮ್ಮ ಮೈ ಹತ್ತುವ ಚಿಗಟ, ಇವೆಲ್ಲ ನನಗೆ ತಿಳಿದದ್ದು ಮುಂದೆ ಶಾಲೆಯಲ್ಲಿ. ಆಯಿ ಉದ್ದ ಕೋಲಿನಿಂದ ಸತ್ತ ಇಲಿ, ಉಡಿಯಿಂದ ಉದುರಿದ ತೆನೆ, ಜೋಳದ ಒಣ ಕಣಿಕೆ ಎಲ್ಲ ಬಿಲಕ್ಕೆ ದೂಡಿ ಬೆಂಕಿ ಹಚ್ಚಿದಳು. ತೆನೆ ಸುಟ್ಟ ಘಮಕ್ಕೆ ನನ್ನ ಬಾಯಲ್ಲಿ ನೀರು ಬಂತು. ಬಳೆ ಹೋಯಿತೆಂದು ಅಕ್ಕ ಅತ್ತಳು. ಅವ್ವ ಹೊಲದಲ್ಲೇ ಒಲೆ ಹೂಡಿ ಅವಳಿಗೆ ಬಿಸಿನೀರು ಎರೆದು, ಅವಳ ಬಟ್ಟೆಯನ್ನು ಕುದಿಸಿದಳು.

ಊರಿಗೆ ರೋಗ ಒಯ್ಯಬಾರದೆಂದು ನಾವು ಹೊಲದ ಆ ತುದಿಯ ಬೇವಿನ ಕೆಳಗೆ ಗುಡಿಸಲು ಹಾಕಿಕೊಂಡು ಉಳಿದೆವು. ಬಿಸಿರೊಟ್ಟಿ, ಹಸಿ ಉಳ್ಳಾಗಡ್ಡಿ, ಗುರೆಳ್ಳು ಕುಟ್ಟಿದ ಖಾರ ಹಿಂಡಿ. ನನಗಂತೂ ಹಬ್ಬ. ಆದರೆ ಬೆಳಗಾದರೆ ಆಯಿ ಅಕ್ಕನ ಹಣೆ ಮುಟ್ಟಿ, ಕಂಕುಳು ತಡವುವಾಗ ಅಪ್ಪ ಆ ಕಡೆ ನೋಡದೆ ಎತ್ತಿನ ಮೈ ಉಜ್ಜುತ್ತಿದ್ದ. ಅಕ್ಕನಿಗೋ ಕಚಗುಳಿ. ಕಿಸಕ್ಕನೆ ನಗುತ್ತಿದ್ದಳು.

"ನಗತಾಳ ನೋಡು ಹುಚ್ಚಿ! ಸುಮ್ಮನ ನಿಂದ್ರು!" ಎಂದು ಆಯಿ ಗದರುತ್ತಿದ್ದಳು.

ಹಾಗೇ ದಿನಗಳು ಕಳೆದವು. ಅಕ್ಕನಿಗೆ ಜ್ವರ ಬರಲಿಲ್ಲ. ಒಂದು ಬೆಳಗ್ಗೆ ಆಯಿಗೇ ನಗು ತಡೆಯಲಿಲ್ಲ. "ಇಷ್ಟು ನಗು ತುಂಬೇತಿ, ಗಡ್ಡಿಗೆ ಜಾಗಾ ಎಲ್ಲೈತಿ? ಗಾಡಿ ಹೂಡೋ ಯಪ್ಪಾ, ಮನಿಗೆ ಹೋಗೂಣು," ಎಂದಳು. ಅಪ್ಪ ಎತ್ತಿನ ಕೊರಳಿಗೆ ಮುಖವೊತ್ತಿ, ಆಮೇಲೆ ನೊಗ ಎತ್ತಿದ.

ಇಲಿಗಳು ಯಾವುದರಿಂದ ಸತ್ತವೋ ನಮಗೆ ಯಾರೂ ಹೇಳಲಿಲ್ಲ. ಮಕ್ಕಳೇ, ಈಗ ನಿಮಗೆ ಮೈ ಬಿಸಿಯಾದರೆ ಸ್ಟೇಷನ್ ರಸ್ತೆಯ ಲ್ಯಾಬಿನಲ್ಲಿ ರಕ್ತ ನೋಡಿ ಸಂಜೆಯೊಳಗೆ ರೋಗದ ಹೆಸರು ಹೇಳುತ್ತಾರೆ. ಪಿಲೇಗಿಗೂ ಔಷಧಿ ಇದೆಯಂತೆ. ಒಳ್ಳೆಯದೇ ಆಯಿತು. ನಾವು ಮಾತ್ರ ಎಲ್ಲರೂ ಒಂದೇ ಗುಡಿಸಲಿನಲ್ಲಿ ಕುಳಿತು, ಒಬ್ಬಳ ಹಣೆ ಬಿಸಿಯಾಗದಿರಲೆಂದು ಕಾಯ್ದೆವು.