ಸುಂಕದ ಕಟ್ಟೆಯಲ್ಲಿ ಡಾಲ್ಫಿನ್

ಐವತ್ತರ ದಶಕದಲ್ಲಿ ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಹೊಸ ಮೇಷ್ಟ್ರು. ಮಲ್ಪೆಯ ದಡಕ್ಕೆ ಬಂದು ಬಿದ್ದು ಸತ್ತಿದ್ದ ಡಾಲ್ಫಿನ್ನಿನ ಮೂಳೆಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ಊರ ಹೊರಗಿನ ಸುಂಕದ ಕಟ್ಟೆಯಲ್ಲಿ ಗುಮಾಸ್ತರು ಚೀಲಕ್ಕೆ ಕೈ ಹಾಕಿ, ತಂತಿಯಲ್ಲಿ ಪೋಣಿಸಿದ್ದ ಬೆರಳಿನ ಮೂಳೆಗಳನ್ನು ಹೊರಗೆಳೆದು ಕಿರುಚಿದರು.

“ಅಯ್ಯಯ್ಯೋ, ಮನುಷ್ಯನ ಕೈ ಕಣ್ರೀ! ಯಾರನ್ನ ಕೊಂದ್ಬುಟ್ರಿ?”

ಬಸ್ಸಿನವರೆಲ್ಲ ಇಳಿದು ನನ್ನನ್ನು ಸುತ್ತುವರಿದರು.

“ಸ್ವಾಮಿ, ನಾನು ಕಾಲೇಜಿನ ಮೇಷ್ಟ್ರು. ಇದು ಡಾಲ್ಫಿನ್. ಸಮುದ್ರದಲ್ಲಿದ್ರೂ ಮೀನಲ್ಲ, ಮರಿಗೆ ಹಾಲು ಕುಡಿಸುತ್ತೆ. ಇದರ ಈಜುರೆಕ್ಕೆಯೊಳಗೆ ನಮ್ಮ ಹಾಗೇ ಐದು ಬೆರಳಿರುತ್ತೆ” ಅಂದೆ.

“ಈಜೋದಕ್ಕೆ ಬೆರಳ್ಯಾಕೆ? ಕತೆ ಕಟ್ಬೇಡಿ!”

ನಾನು ತಲೆಬುರುಡೆ ಎತ್ತಿ ಹಿಡಿದೆ. ಮೊಳದುದ್ದದ ಮೂತಿ, ಸಾಲು ಸಾಲು ಹಲ್ಲು. “ಇಂಥ ಮೂತಿಯ ಮನುಷ್ಯನನ್ನ ಎಲ್ಲಾದ್ರೂ ಕಂಡಿದ್ದೀರಾ?”

“ನಮ್ಮತ್ತೆಯೋರು!” ಎಂದಿತು ಹಿಂದಿನಿಂದ ಒಂದು ಹೆಣ್ಣುದನಿ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಗುಮಾಸ್ತರಂತೂ ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟರು.

ನಗುತ್ತಲೇ ಚೀಲದಿಂದ ಕೆಳದವಡೆ ತೆಗೆದು ಸವರುತ್ತಿದ್ದ ಅವರ ಬೆರಳು ಒಂದು ಕಡೆ ನಿಂತಿತು. “ಇದೇನ್ರೀ, ಇಷ್ಟು ಆಳದ ಗೀರು?”

“ಬಲೆಯ ಹಗ್ಗ ಸುತ್ಕೊಂಡಿತ್ತು ಸ್ವಾಮಿ. ಮೂಳೆವರೆಗೂ ಕೊರೆದಿದೆ. ಬಾಯಿ ತೆರೆಯೋಕಾಗದೆ, ಹಸ್ಕೊಂಡೇ ದಡಕ್ಕೆ ಬಂದಿದೆ.”

ಗುಮಾಸ್ತರು ದವಡೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಗೋಣಿಯ ಮೇಲಿಟ್ಟರು.

ಇನ್ನು ಬಿಡುತ್ತಾರೆ ಅಂದುಕೊಂಡೆ. “ಒಂಚೂರು ತಡೀರಿ ಮೇಷ್ಟ್ರೇ, ನಮ್ಮನೆಯೋರೂ ನೋಡ್ಲಿ” ಎಂದು ಸೈಕಲ್ಲು ಹತ್ತಿ ಹೋದರು. ಅವರು ಹೆಂಡತಿಯನ್ನು ಕೂರಿಸಿಕೊಂಡು ಬರುವ ತನಕ ಬಸ್ಸು ಕದಲಲಿಲ್ಲ. ಪ್ರಯಾಣಿಕರು ಒಬ್ಬರಾದ ಮೇಲೊಬ್ಬರು ಪ್ರಶ್ನೆ ಕೇಳುತ್ತಲೇ ಇದ್ದರು. ನನ್ನ ಕ್ಲಾಸಿನಲ್ಲಿ ಅಷ್ಟು ಹಾಜರಿ ಯಾವತ್ತೂ ಇರಲಿಲ್ಲ.